ಡಬ್ಬಿ ಬದಲಾದ ಗುಳಿಗೆಗಳು

ಅಣ್ಣನ ಗುಳಿಗೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಬೇರೆ ಡಬ್ಬಿಗೆ ಹಾಕಿದ್ದು ಅವ್ವನೋ ನಾನೋ, ಇವತ್ತಿಗೂ ಖಚಿತವಿಲ್ಲ. ‘ನೀನ ಬಿಡಿಸಿದ್ಯಲ್ಲೋ’ ಎನ್ನುತ್ತಾಳೆ ಅವ್ವ. ನನಗೆ ನೆನಪಿರುವುದು ಚಟ್ ಚಟ್ ಎಂಬ ಸದ್ದು ಮಾತ್ರ. ಅದು ಬಿಡಿಸಿದವನಿಗೂ ಕೇಳುತ್ತದೆ, ಪಕ್ಕದಲ್ಲಿ ಕೂತವನಿಗೂ ಕೇಳುತ್ತದೆ. ಪುರಾವೆಯಿಲ್ಲದೆ ಏನನ್ನೂ ನಂಬಬಾರದೆಂದು ಎಂ.ಎಸ್ಸಿ.ಯಲ್ಲಿ ಕಲಿತೆ. ನನ್ನ ನೆನಪಿಗೇ ಪುರಾವೆಯಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು, ಕಬ್ಬು ಕಡಿಯುವ ಹಂಗಾಮು. ಮಿಲಿಟರಿಯಲ್ಲಿದ್ದ ಅಣ್ಣ ಭರಮಪ್ಪ ಉಗಾರ ಹತ್ತಿರದ ನಮ್ಮೂರಿಗೆ ರಜೆಯ ಮೇಲೆ ಬಂದಿದ್ದ. ಹಿಂದಿನ ವರ್ಷ ಹಿಮದ ಘಾಟಿನಲ್ಲಿ ಅವನ ಗಾಡಿ ಉರುಳಿ ಜೊತೆಗಾರ ತೀರಿಕೊಂಡಿದ್ದ. ಆಮೇಲೆ ಅಣ್ಣನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಮಿಲಿಟರಿ ಆಸ್ಪತ್ರೆಯ ಡಾಕ್ಟರೇ ಗುಳಿಗೆ ಬರೆದುಕೊಟ್ಟಿದ್ದರು. ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಡದಂಥವು.

ಆ ರವಿವಾರ ಮಂಗಸೂಳಿಯಿಂದ ಹೆಣ್ಣಿನ ಕಡೆಯವರು ಬರುವವರಿದ್ದರು. ‘ಈ ಗುಳಗಿ ನೋಡಿದ್ರ ಹುಡುಗಗ ತಲಿ ಕೆಟ್ಟೈತಿ ಅಂತಾರು’ ಎಂದು ಅವ್ವ ಗಾಬರಿಯಾದಳು. ಅಣ್ಣ ಕ್ಷೌರಕ್ಕೆ ಹೋಗಿ ಬರುವಷ್ಟರಲ್ಲಿ ಗುಳಿಗೆಗಳು ಅಜೀರ್ಣದ ಗುಳಿಗೆಯ ಖಾಲಿ ಡಬ್ಬಿ ಸೇರಿದ್ದವು, ಚೀಟಿ ಒಲೆ ಸೇರಿತ್ತು. ಚೀಟಿಯ ಸುದ್ದಿ ನಾವು ಹೇಳಲಿಲ್ಲ. ಡಬ್ಬಿ ನೋಡಿ ಅವನು, ‘ಇನ್ನ ನಿದ್ದೀನೂ ಬರ್ತೈತಿ, ಉಂಡದ್ದೂ ಕರಗತೈತಿ’ ಎಂದು ನಕ್ಕ.

ಬಂದವರಲ್ಲಿ ಹುಡುಗಿಯ ಸೋದರಮಾವ ಕೇಳಿದ: ‘ಏನ್ರಿ ಫೌಜಿ, ರಮ್ ತಂದೀರಿಲ್ಲೋ?’

‘ನಿಮಗಂತನ ಒಂದ ಬಾಟ್ಲಿ ತಗದ ಇಟ್ಟೀನ್ರಿ ಮಾಮಾ.’

ಎಲ್ಲರೂ ನಕ್ಕರು. ಅವ್ವನೂ ಸೆರಗು ಬಾಯಿಗಿಟ್ಟು ನಕ್ಕಳು. ಬಾಟಲಿ ಎಲ್ಲರೆದುರಿಗೇ ಕೈ ಬದಲಾಯಿತು.

ರಜೆ ಮುಗಿಸಿ ಹೋದ ನಾಲ್ಕನೇ ದಿನ ಅಣ್ಣನ ಫೋನು. ‘ತಮ್ಮಾ, ಸಾಮಾನ ತಪಾಸಣಿ ಮಾಡ್ಯಾರ. ಡಬ್ಬಿ ಮ್ಯಾಲಿನ ಹೆಸರ ಬ್ಯಾರೆ, ಒಳಗಿನ ಗುಳಗಿ ಬ್ಯಾರೆ. ನಶಾದ್ದು ಅಂತ ಬಂದೂಕ ಕಸಗೊಂಡಾರ. ಚೀಟಿ ಫೋಟೋ ಕಳಸ, ಲಗೂನ.’

‘ಚೀಟಿ ಇಲ್ಲಣ್ಣಾ. ಸುಟ್ಟೇವಿ.’

‘ಅವ್ವಗ ಹೇಳಬ್ಯಾಡ’ ಎಂದ.

ಅವನ ಅಧಿಕಾರಿಗಳು ಯಾರಾದರೂ ಮಿಲಿಟರಿ ಆಸ್ಪತ್ರೆಗೆ ಒಂದು ಫೋನು ಮಾಡಿದ್ದರೆ ಅಂದೇ ಮುಗಿಯುತ್ತಿತ್ತು. ಅಲ್ಲಿಂದ ಪತ್ರ ಬರಲು ಮೂರು ತಿಂಗಳು ಹಿಡಿಯಿತು. ಆಮೇಲೆ ವಿಚಾರಣೆ ಮುಗಿಸಿ ಅವನ ತಪ್ಪಿಲ್ಲವೆಂದು ಬರೆದುಕೊಟ್ಟರು. ಅಷ್ಟರಲ್ಲಿ ಅವನನ್ನು ಬಿಟ್ಟು ಹವಾಲ್ದಾರ ಬಡ್ತಿ ಬೇರೆಯವರಿಗೆ ಹೋಗಿತ್ತು, ಕೈಕೆಳಗಿನವರಿಗೆ ಅವನನ್ನು ‘ನಶೇಬಾಜ್’ ಎಂದು ಕರೆದು ರೂಢಿಯಾಗಿತ್ತು. ಆ ಹೆಸರಿಗೆ ಹೇಸಿ ಅಣ್ಣ ಗುಳಿಗೆ ನುಂಗುವುದನ್ನೇ ಬಿಟ್ಟ. ಹದಿನೈದು ವರ್ಷದ ನೌಕರಿ ತುಂಬುತ್ತಲೇ ಪೆನ್ಶನ್ ಪಡೆದು ಊರಿಗೆ ಬಂದ. ಅವ್ವನಿಗೆ ಎಲ್ಲ ತಿಳಿದದ್ದು ಆಗಲೇ. ಆ ಸಂಬಂಧವೂ ಕೂಡಲಿಲ್ಲ.

ಈಗ ದ್ರಾಕ್ಷಿ ತೋಟದಲ್ಲಿ ದುಡಿಯುತ್ತಾನೆ. ದಾರಿಯಲ್ಲಿ ಯಾವುದಾದರೂ ಗಾಡಿ ಗಕ್ಕನೆ ಬ್ರೇಕು ಹಾಕಿದರೆ ಕತ್ತರಿ ಕೆಳಗಿಟ್ಟು ಕೂತುಬಿಡುತ್ತಾನೆ. ‘ಡಾಕ್ಟರ್ ಕಡೆ ಹೋಗೂಣ ಬಾ’ ಎಂದರೆ, ‘ಸಾಕಾತಲೇ ಆ ಗುಳಗಿ ಸಂಗ’ ಎನ್ನುತ್ತಿದ್ದ.

ಹೋದ ತಿಂಗಳು ಅಂತೂ ಒಪ್ಪಿದ. ಆಸ್ಪತ್ರೆಗೆಂದು ಅವನ ಕಾಗದಪತ್ರ ಜೋಡಿಸುವಾಗ ವಿಚಾರಣೆಯ ಪ್ರತಿ ಸಿಕ್ಕಿತು. ಡಬ್ಬಿ ಬದಲಿಸಿದವರು ಯಾರು ಎಂಬ ಪ್ರಶ್ನೆಗೆ ಹಿಂದಿಯಲ್ಲಿ ಎರಡು ಸಾಲಿನ ಉತ್ತರವಿತ್ತು. ಬೇರೆ ಅರ್ಜಿಗಳ ಜೊತೆ ಇಟ್ಟು ನೋಡಿದೆ, ಕೈಬರಹ ಅಣ್ಣನದೇ.

‘ನಾನೇ ಬದಲಿಸಿದೆ. ಮನೆಯವರಿಗೆ ಏನೂ ಗೊತ್ತಿಲ್ಲ.’