ನಮ್ಮತ್ತೆಯ ಎಡಭುಜಕ್ಕೆ ನಾನು ಮಾಡಿದ್ದು

ವಿಮೆ ಕಾರ್ಡು ತೆಗೆದುಕೊಳ್ಳುವ ಫಿಸಿಯೋಥೆರಪಿ ಕ್ಲಿನಿಕ್ಕು ಸಿಕ್ಕಿತ್ತು. ಸಿಕ್ಕಿದ್ದನ್ನು ನಾನು ನಮ್ಮತ್ತೆಗೆ ಹೇಳಲಿಲ್ಲ. ಒಂದು ದಿನವಲ್ಲ, ಎರಡು ದಿನವಲ್ಲ — ಮೂರು ತಿಂಗಳು ಹೇಳಲಿಲ್ಲ. ಮರೆತಿದ್ದೆ ಅಂತ ಬರೆದರೆ ನೀವು ನಂಬಬಹುದು. ಆದರೆ ಮರೆತಿರಲಿಲ್ಲ, ದಿನಾ ನೆನಪಿತ್ತು.

ನಾವು ಹೊಂಗನೂರಿನಲ್ಲಿ ರೇಷ್ಮೆ ಹುಳು ಮೇಯಿಸುವವರು. ನಾಲ್ಕು ವರ್ಷದ ಹಿಂದೆ ನಮ್ಮತ್ತೆ ಪುಟ್ಟಮ್ಮನವರ ಎಡಭುಜ ಹಿಡಿದುಕೊಂಡಿತು. ಕೈ ಎದೆಮಟ್ಟ ದಾಟಿ ಮೇಲೇಳದು. ಡಾಕ್ಟರು ನೋಡಿ, ಮಾತ್ರೆಯಿಂದ ಆಗುವುದಲ್ಲ, ಫಿಸಿಯೋಥೆರಪಿ ಮಾಡಿಸಿ ಎಂದು ಚೀಟಿ ಬರೆದುಕೊಟ್ಟರು. ತಿಂಗಳುಗಟ್ಟಲೆ ಕೈಯಿಂದ ಕೊಟ್ಟು ಮಾಡಿಸುವ ಶಕ್ತಿ ನಮಗಿರಲಿಲ್ಲ. ಸರ್ಕಾರದ ಆರೋಗ್ಯ ವಿಮೆಯ ಕಾರ್ಡು ಇತ್ತು. ಅದನ್ನು ಒಪ್ಪುವ ಕ್ಲಿನಿಕ್ಕು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು, ಯಾಕೆಂದರೆ ಮನೆಯಲ್ಲಿ ಪಿಯುಸಿ ಓದಿದವಳು ನಾನೊಬ್ಬಳೇ.

ಮೊದಲು ಅತ್ತೆಯನ್ನೂ ಜೊತೆಗೆ ಕರೆದುಕೊಂಡೇ ಹುಡುಕಿದೆ. ರಾಮನಗರದ ಒಂದು ಕಡೆ, "ಆಪರೇಷನ್ ಇದ್ರೆ ಮಾತ್ರ ಕಾರ್ಡು ನಡೆಯುತ್ತೆ, ಬರೀ ವ್ಯಾಯಾಮಕ್ಕೆ ನಡೆಯಲ್ಲ" ಅಂದರು. ಅತ್ತೆ ಸೆರಗು ಸರಿಮಾಡಿಕೊಂಡು, "ಹಂಗಾರೆ ಆಪರೇಷನ್ನೇ ಮಾಡ್ಬುಡಿ, ಅದಕ್ಕೇನಂತೆ" ಅಂದುಬಿಟ್ಟರು! ಕನಕಪುರದಲ್ಲಿ ಒಬ್ಬ ಹುಡುಗಿ ಕಾರ್ಡಿನ ಫೋಟೋ ನೋಡಿ, ಅತ್ತೆಯ ಮುಖ ನೋಡಿ, ಹೋಲಿಕೆಯೇ ಇಲ್ಲವಲ್ಲ ಅಂದಳು. "ಆ ಪೋಟ ತೆಗ್ದಾಗ ನಂಗೆ ಕೈ ನೋವಿರ್ನಿಲ್ಲ ಕಣವ್ವ" ಅಂತ ಅತ್ತೆ ಉತ್ತರ ಕೊಟ್ಟರು. ಅಲ್ಲಿಯೂ ಆಗಲಿಲ್ಲ.

ಅಷ್ಟರಲ್ಲಿ ಹೊಸ ಹುಳು ತಂದೆವು. ನನ್ನ ಬುದ್ಧಿ ಕೆಟ್ಟಿದ್ದು ಅಲ್ಲಿಂದ.

ಹುಳುಮನೆಗೆ ಯಾವ ವಾಸನೆಯೂ ಸೇರಬಾರದು. ಊದುಬತ್ತಿ, ಹೊಗೆಸೊಪ್ಪು, ಮುಖಕ್ಕೆ ಹಚ್ಚುವ ಪೌಡರು, ಯಾವುದೂ. ಇದನ್ನು ನಮ್ಮ ಮನೆಯಲ್ಲಿ ಕಾನೂನು ಮಾಡಿದವರೇ ಅತ್ತೆ. ಮಲ್ಲಿಗೆ ಮುಡಿದಿದ್ದಾಳೆ ಅಂತ ತಮ್ಮ ಸ್ವಂತ ಮಗಳನ್ನೇ ಬಾಗಿಲಿಂದ ಆಚೆ ಕಳಿಸಿದ ಹೆಂಗಸು. ಈಗ ಅವರ ಭುಜದ ತುಂಬಾ ನೋವಿನ ಆಯಿಂಟ್‌ಮೆಂಟು! ನನ್ನ ಯಜಮಾನರು ಮೂಗು ಮುಚ್ಚಿಕೊಂಡು, "ಅವ್ವ, ವಾಸಿ ಆಗೋಗಂಟ ನೀನು ಹುಳುಮನೆಗೆ ಬರ್ಬ್ಯಾಡ" ಅಂದರು. ತಾವೇ ಮಾಡಿದ ಕಾನೂನು, ಅತ್ತೆ ಏನು ಮಾತಾಡಿಯಾರು? ಜಗಲಿಯ ಮೇಲೆ ಕೂತರು.

ಮದುವೆಯಾಗಿ ಹನ್ನೊಂದು ವರ್ಷ, ನಾನು ಆ ಹುಳುಮನೆಯಲ್ಲಿ ಒಂದು ಹಿಡಿ ಸೊಪ್ಪನ್ನು ಅತ್ತೆಯ ಕೈಲಿ ಬೈಸಿಕೊಳ್ಳದೆ ಹಾಕಿದವಳಲ್ಲ. ದಪ್ಪ ಹಾಕಿದರೆ ದಪ್ಪ ಆಯ್ತು, ತೆಳ್ಳಗೆ ಹಾಕಿದರೆ ಹುಳ ಉಪವಾಸ ಬಿತ್ತು. ಈಗ — ಅಯ್ಯೋ, ಆ ಸುಖವನ್ನು ಹೇಗೆ ಹೇಳಲಿ. ಫೋನಿನಲ್ಲಿ ಹಾಡು ಹಾಕಿಕೊಂಡು ಸೊಪ್ಪು ಹಾಕಿದೆ. ಅತ್ತೆ ಜಗಲಿಯಿಂದ ಏನೋ ಕೂಗುತ್ತಿದ್ದರು, ನನಗೆ ಕೇಳಿಸುತ್ತಿರಲಿಲ್ಲ... ಕೇಳಿಸುತ್ತಿತ್ತು. ಆ ಸಲ ಗೂಡು ಕಲ್ಲಿನಂತೆ ಗಟ್ಟಿಯಾಗಿ ಬಂತು. ಯಜಮಾನರು ಎಲ್ಲರೆದುರು ನನ್ನನ್ನು ಹೊಗಳಿದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಅದಾದ ವಾರಕ್ಕೇ ಆ ಕ್ಲಿನಿಕ್ಕು ಸಿಕ್ಕಿದ್ದು. ಚನ್ನಪಟ್ಟಣದಲ್ಲಿ, ಬೊಂಬೆ ಮಾಡುವವರ ಬೀದಿಯ ಹಿಂದೆ, ಒಂದು ರೂಮು, ಎರಡು ಮಂಚ. ಶಬಾನಾ ಅಂತ ಒಬ್ಬ ಹೆಣ್ಣುಮಗಳು ನಡೆಸುತ್ತಿದ್ದರು. ಆ ಸಲ ಒಬ್ಬಳೇ ಹೋಗಿದ್ದೆ, ಕಾರ್ಡು ತೋರಿಸಿದೆ. "ತಗೋತೀವಿ, ಡಾಕ್ಟರ್ ಚೀಟಿ ಐತಲ್ಲ, ಸಾಕು. ಬೇಗ ಕರ್ಕೊಂಡ್ಬನ್ನಿ ಅಕ್ಕ, ತಡ ಮಾಡಿದ್ರೆ ಭುಜ ಅಲ್ಲೇ ಗಟ್ಟಿಯಾಗೋಗುತ್ತೆ" ಅಂದರು. ನಾನು ತಲೆಯಾಡಿಸಿದೆ. ಬಸ್ಸು ಹತ್ತಿದೆ. ಮನೆಗೆ ಬಂದೆ. ಅತ್ತೆ ಆಸೆಯಿಂದ, "ಸಿಕ್ತಾ ಭಾಗ್ಯ?" ಅಂದರು.

"ಇಲ್ಲ ಅತ್ತೆ, ಎಲ್ಲೂ ಕಾರ್ಡ್ ತಗೊಳಲ್ವಂತೆ."

ಇನ್ನೊಂದೇ ಒಂದು ಬೆಳೆ ಹುಳು ನಾನೇ ಮೇಯಿಸಿಬಿಡುತ್ತೇನೆ, ಆಮೇಲೆ ಹೇಳೋಣ ಅಂದುಕೊಂಡೆ. ಅಷ್ಟೇ ಅಲ್ಲ, ಆಯಿಂಟ್‌ಮೆಂಟನ್ನು ನಾನೇ ಹಚ್ಚುತ್ತಿದ್ದೆ, ಬೆಳಗ್ಗೆ ಸಂಜೆ, ಧಾರಾಳವಾಗಿ. ಬೀದಿಯ ಹೆಂಗಸರೆಲ್ಲ ಸೊಸೆ ಅಂದರೆ ಹೀಗಿರಬೇಕು ಅಂದರು. ನಾನು ಮುಖ ತಗ್ಗಿಸಿಕೊಂಡು ಇನ್ನಷ್ಟು ತಿಕ್ಕಿದೆ. ಥೂ, ನನ್ನ ಜನ್ಮಕ್ಕೆ!

ಎರಡನೇ ಬೆಳೆಯ ಹುಳು ಹಣ್ಣಾದ ದಿನ. ಹಣ್ಣಾದ ಹುಳುವನ್ನು ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುವ ದಿನ ಎಷ್ಟು ಕೈ ಇದ್ದರೂ ಸಾಲದು. ಹಿಂದಿನ ದಿನದಿಂದ ಆಯಿಂಟ್‌ಮೆಂಟು ಹಚ್ಚಿಸಿಕೊಳ್ಳದಿದ್ದ ಅತ್ತೆ ಬೆಳಗ್ಗೆ ಸೀಗೆಪುಡಿ ಹಾಕಿ ಮೂರು ಸಲ ಭುಜ ತಿಕ್ಕಿಕೊಂಡು, ಒದ್ದೆ ಕೂದಲಲ್ಲೇ ಹುಳುಮನೆಯ ಹೊಸಿಲಿನಾಚೆ ಬಂದು ನಿಂತರು. ಒಳಗೆ ಕಾಲಿಡಲಿಲ್ಲ. ಭುಜವನ್ನು ನನ್ನ ಕಡೆ ಒಡ್ಡಿ, "ಒಸಿ ಮೂಸಿ ನೋಡವ್ವ, ಇನ್ನೂ ವಾಸ್ನೆ ಬತ್ತೈತಾ?" ಅಂದರು.

ಮೂಸಿದೆ. ಸೀಗೆಯ ವಾಸನೆಯನ್ನೂ ನೀರು ಹಾಕಿ ತೊಳೆದುಬಿಟ್ಟಿದ್ದರು. ಏನೂ ಇರಲಿಲ್ಲ.

"ಬತ್ತೈತೆ ಕಣತ್ತೆ" ಅಂದೆ.

ಅತ್ತೆ ವಾದ ಮಾಡಲಿಲ್ಲ. ಜೀವಮಾನವೆಲ್ಲಾ ನನ್ನೊಡನೆ ವಾದ ಮಾಡಿದವರು, ಅವತ್ತು "ಹುಳ ಕೆಟ್ಟೋದಾವು, ಬ್ಯಾಡ ಬುಡು" ಅಂದು ಹಿಂದಕ್ಕೆ ಹೋದರು. ಒಂದು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವತ್ತು ಆರಿಸಿದ ಹುಳು ಒಂದೂ ನನ್ನ ಕಣ್ಣಿಗೆ ಸರಿಯಾಗಿ ಕಾಣಲಿಲ್ಲ, ಅಷ್ಟು ಅಳು ಬರುತ್ತಿತ್ತು.

ಮಾರನೆಯ ದಿನವೇ ಚನ್ನಪಟ್ಟಣಕ್ಕೆ ಕರೆದುಕೊಂಡು ಹೋದೆ. ಹೊಸದಾಗಿ ಸಿಕ್ಕಿತು ಅಂದೆ — ಅದೂ ಸುಳ್ಳೇ. ಶಬಾನಾ ನನ್ನ ಗುರುತು ಹಿಡಿದರು. ಏನೋ ಹೇಳಲು ಬಾಯಿ ತೆರೆದರು, ನನ್ನ ಮುಖ ನೋಡಿ ಕಾರ್ಡು ಇಸಿದುಕೊಂಡರು. ಎಷ್ಟೋ ವಾರ ಹೋದೆವು. ಅತ್ತೆ ಹಲ್ಲು ಕಚ್ಚಿಕೊಂಡು ವ್ಯಾಯಾಮ ಮಾಡಿದರು, ನಡುನಡುವೆ ಪಕ್ಕದ ಮಂಚದವರಿಗೂ ಹೇಗೆ ಮಾಡಬೇಕೆಂದು ಕಲಿಸಿದರು. ಕೈ ಹೆಗಲಿನ ಮಟ್ಟಕ್ಕೆ ಬಂತು. ಅಲ್ಲಿಗೆ ನಿಂತಿತು. "ಇನ್ನು ಇಷ್ಟೇ ಅಮ್ಮ, ಒಸಿ ಮುಂಚೆ ಬಂದಿದ್ರೆ ಪೂರ್ತಿ ಏಳ್ತಿತ್ತು" ಅಂದರು ಶಬಾನಾ.

ವಾಪಸ್ಸು ಬರುವ ಬಸ್ಸಿನಲ್ಲಿ ಅತ್ತೆ ನನ್ನನ್ನೇ ಸಮಾಧಾನ ಮಾಡಿದರು. "ನೀನ್ಯಾಕೆ ಸಪ್ಪಗಿದ್ದೀಯೆ? ನೀನೇನು ಹುಡುಕ್ನಿಲ್ವಾ?"

ತಡೆಯಲಾಗಲಿಲ್ಲ. "ಹುಡುಕ್ದೆ ಅತ್ತೆ. ಸಿಕ್ಕಿತ್ತು. ನಾನೇ ಹೇಳ್ನಿಲ್ಲ. ಅವತ್ತು ವಾಸ್ನೇನೂ ಬತ್ತಿರ್ನಿಲ್ಲ."

ಅತ್ತೆ ಕಿಟಕಿಯ ಕಡೆ ತಿರುಗಿದರು. ಇಳಿಯುವಾಗ ನಾನು ಕೈ ಹಿಡಿಯಲು ಹೋದರೆ, ಬಿಡಿಸಿಕೊಂಡು ತಾವೇ ಇಳಿದರು.

ಬಸ್‌ಸ್ಟಾಪಿನಲ್ಲಿ ಪಕ್ಕದ ಮನೆಯ ಗೌರಮ್ಮ, "ಏನಂದ್ರು ಪುಟ್ಟಮ್ಮಕ್ಕ?" ಅಂತ ಕೇಳಿದರು.

"ಇನ್ನು ಇಷ್ಟೇಯಂತೆ. ಹೋಗಿದ್ದು ತಡ ಆಯ್ತಂತೆ" ಅಂದರು ಅತ್ತೆ.

ಯಾಕೆ ತಡವಾಯಿತೆಂದು ಅವತ್ತು ಹೇಳಲಿಲ್ಲ. ಈ ನಾಲ್ಕು ವರ್ಷದಲ್ಲಿ ಮಗನಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಊರವರು ಇವತ್ತಿಗೂ ನನ್ನನ್ನು ಒಳ್ಳೆಯ ಸೊಸೆ ಅನ್ನುತ್ತಾರೆ, ಅತ್ತೆ ಅಲ್ಲೇ ಕೂತು ಕೇಳಿಸಿಕೊಳ್ಳುತ್ತಾರೆ. ಅವರು ಹೇಳುವುದಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ.