ಮೆಡಿಕಲ್ ಅಕ್ಕನ ಜೊತೆ ಟಿಕೆಟ್ಟು

ಅಕ್ಕನ ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಪುಟ್ಟ ಕತ್ತರಿಯೊಂದು ಸದಾ ನೇತಾಡುತ್ತಿತ್ತು. ಆ ಶನಿವಾರವೂ ಅದೇ ಕತ್ತರಿಯಿಂದ ಪಟ್ಟಿಯಿಂದ ಸರಿಯಾಗಿ ನಾಲ್ಕು ಮಾತ್ರೆ ಕತ್ತರಿಸಿದರು. ಚೂಪು ಮೂಲೆ ಯಾರ ಬೆರಳಿಗೂ ಚುಚ್ಚಬಾರದೆಂದು ತುದಿಗಳನ್ನು ದುಂಡಗೆ ಸವರಿ, ಕಾಗದದ ಕವರಿಗೆ ಹಾಕಿ, ಕವರಿನ ಮೇಲೆ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಗುರುತು ಹಾಕಿ ಕೊಟ್ಟರು. ಗಿರಾಕಿ ಹೋದ ಮೇಲೆ ಅವರ ಮೊಬೈಲ್ ಸದ್ದು ಮಾಡಿತು. ಕನ್ನಡಕ ಹುಡುಕುವ ಗೋಜಿಗೆ ಹೋಗದೆ ಕೈಯನ್ನು ಉದ್ದಕ್ಕೆ ಚಾಚಿ ಓದಿದರು.

"ಬಂತು ನೋಡೇ, ವಿಮಾನಕ್ಕೆ ಈ ವರ್ಷದ ಜೊತೆ ಟಿಕೆಟ್ಟು. ಈ ಸಲ ನಿನ್ನ ಅಮ್ಮನ್ನ ಕರ್ಕಂಡು ಹೋಗಣ ಅಂತ ಇದೀನಿ. ಬರ್ತಾರಾ?"

ನನಗೆ ನಗು ಬಂತು. "ಅಮ್ಮ ಹಿನ್ನೀರು ದಾಟೋ ಲಾಂಚಲ್ಲೇ ಕಣ್ಣು ಮುಚ್ಕಂಡು ಸೆರಗು ಬಾಯಿಗೆ ಇಟ್ಕಂಡು ಕೂರ್ತಿದ್ಲು ಅಕ್ಕಾ."

"ಹಂಗಾದ್ರೆ ನಂಗೆ ಸರಿಯಾದ ಜೊತೆ ಬಿಡು. ನಾಳೆ ಕೂತು ಟಿಕೆಟ್ ಮಾಡಣ."

ಮರುದಿನ ಒಂಬತ್ತು ಗಂಟೆಯಾದರೂ ಅಂಗಡಿಯ ಶಟರ್ ಏಳಲಿಲ್ಲ. ಅಂಗಡಿಯ ಹಿಂದೆಯೇ ಅವರ ಮನೆ. ಬಾಗಿಲು ತಟ್ಟಿ, ಕೂಗಿ, ಕೊನೆಗೆ ಪಕ್ಕದ ಹೋಟೆಲಿನವರನ್ನು ಕರೆದು ಬಾಗಿಲು ತೆಗೆಸಿದೆ. ನಿದ್ದೆಯಲ್ಲೇ ಹೋಗಿದ್ದರು. ಕತ್ತರಿ ದಿಂಬಿನ ಪಕ್ಕದಲ್ಲಿತ್ತು.

ನಾನು ಹೊಸನಗರದ ಆ ಔಷಧಿ ಅಂಗಡಿಗೆ ಸೇರಿದಾಗ ಎಸ್ಸೆಸ್ಸೆಲ್ಸಿ ಮುಗಿಸಿದ್ದೆ, ಅಷ್ಟೆ. ನನ್ನ ಊರು ಬ್ಯಾಕೋಡು. ಶರಾವತಿ ಹಿನ್ನೀರಿನ ಆಚೆ ದಡದವಳು. ಪೇಟೆಯವರೆಲ್ಲ ಅಂಗಡಿಯ ಒಡತಿಯನ್ನು ಮೆಡಿಕಲ್ ಅಕ್ಕ ಎನ್ನುತ್ತಿದ್ದರು, ನಾನು ಬರೀ ಅಕ್ಕ ಎಂದೆ. ತೀರ್ಥಹಳ್ಳಿ ಕಡೆಯವರು, ಫಾರ್ಮಸಿ ಓದಿದವರು, ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಅಂಗಡಿ ಬಿಟ್ಟು ಛತ್ರಕ್ಕೆ ಹೋಗಕ್ಕೆ ಪುರುಸೊತ್ತಾಗ್ಲಿಲ್ಲ ಮಾರಾಯ್ರೆ" ಎನ್ನುತ್ತಿದ್ದರು.

ಅವರು ನನಗೆ ಕಲಿಸಿದ್ದು ಮುಖ್ಯವಾಗಿ ಎರಡು ಪಾಠ. ಮೊದಲನೆಯದು, ಹೊಸ ಮಾತ್ರೆಯನ್ನು ಯಾರಿಗೂ ಇಡೀ ಪಟ್ಟಿ ಕೊಡಬಾರದು. "ಮೊದ್ಲು ನಾಕು ಕೊಡು. ಮೈಗೆ ಒಗ್ಗಿದ್ರೆ ಉಳಿದದ್ದು ತಗಳ್ಲಿ. ಒಗ್ಗದೇ ಇದ್ರೆ ಆ ಆರು ಮಾತ್ರೆ ಅವ್ರ ಮನೆ ಕಿಟಕೀಲಿ ಕೂತು ಯಾರಿಗೆ ಉಪಕಾರ?" ಎರಡನೆಯದು, ಡಾಕ್ಟರ ಚೀಟಿ ಓದುವುದು. ಅಕ್ಷರ ಬಿಡಿಸಲಾಗದೆ ನಾನು ಊಹೆ ಮಾಡಿ ಹೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಕಂಡಷ್ಟು ಹೇಳು. ಕಾಣದ್ದು ಕಾಣಲ್ಲ ಅಂತ ಹೇಳು. ಅದ್ರಲ್ಲಿ ನಾಚಿಕೆ ಎಂತದು?"

ಅಂಗಡಿಗೆ ಬರುವ ಔಷಧಿಯ ಬಿಲ್ಲನ್ನೆಲ್ಲ ಅವರು ಒಂದು ಕ್ರೆಡಿಟ್ ಕಾರ್ಡಿನಿಂದ ಕಟ್ಟುತ್ತಿದ್ದರು. ಬ್ಯಾಂಕಿನವರು ವಿಮಾನ ಕಂಪನಿಯೊಂದರ ಜೊತೆ ಸೇರಿ ಕೊಡುವ ಕಾರ್ಡು ಅದು. ವರ್ಷದಲ್ಲಿ ಇಂತಿಷ್ಟು ಖರ್ಚಾದರೆ ಒಂದು ಜೊತೆ ಟಿಕೆಟ್ಟು ಸಿಗುತ್ತಿತ್ತು. ಕಾರ್ಡು ಯಾರ ಹೆಸರಿನಲ್ಲಿದೆಯೋ ಅವರು ತಮಗೊಂದು ಟಿಕೆಟ್ ಕೊಂಡರೆ ಜೊತೆಯವರಿಗೆ ಇನ್ನೊಂದು, ಬರೀ ತೆರಿಗೆ ಕಟ್ಟಿದರೆ ಸಾಕು. ಆದರೆ ಕಾರ್ಡಿನವರು ಹೋಗಲೇಬೇಕು. ಅವರನ್ನು ಬಿಟ್ಟು ಜೊತೆಯವರು ಮಾತ್ರ ಹತ್ತುವ ಹಾಗಿಲ್ಲ. ವರ್ಷದೊಳಗೆ ಬಳಸದಿದ್ದರೆ ಅದು ಹೋದ ಹಾಗೆ.

ಹಾಳಾಗುವುದು ಅಕ್ಕನಿಗೆ ಆಗದು. ಅವರು ಒಂದು ಪದ್ಧತಿ ಮಾಡಿಕೊಂಡರು. ಪ್ರತಿ ವರ್ಷ ವಿಮಾನವನ್ನೇ ಹತ್ತದ ಒಬ್ಬರನ್ನು ಹುಡುಕಿ ಕರೆದುಕೊಂಡು ಹೋಗುವುದು. ಒಂದು ವರ್ಷ ಬಸ್‌ಸ್ಟ್ಯಾಂಡಿನ ಹೂವಿನ ಅಜ್ಜಿ, ಮತ್ತೊಂದು ವರ್ಷ ಪಕ್ಕದ ಹೋಟೆಲಿನ ದೋಸೆ ಭಟ್ಟರು. ಆಗೆಲ್ಲ ಘಟ್ಟ ಇಳಿದು ಮಂಗಳೂರಿಗೆ ಹೋಗಿ ಹತ್ತಬೇಕಿತ್ತು. ಕಿಟಕಿ ಪಕ್ಕದ ಸೀಟು ಯಾವಾಗಲೂ ಜೊತೆಯವರಿಗೆ. ಹೋದ ಊರಲ್ಲಿ ಒಂದು ದಿನ ಇದ್ದು ವಾಪಸ್.

ಹೂವಿನ ಅಜ್ಜಿ ಬೆಂಗಳೂರಲ್ಲಿದ್ದ ಮೊಮ್ಮಗಳಿಗೆಂದು ಒಂದು ಬಾಟಲಿ ಜೋನಿಬೆಲ್ಲ ಕಟ್ಟಿಕೊಂಡಿದ್ದಳು. ತಪಾಸಣೆಯಲ್ಲಿ ಅದನ್ನು ಹಿಡಿದರು. ನೀರಿನ ಪದಾರ್ಥ ಕೈಚೀಲದಲ್ಲಿ ಒಯ್ಯುವಂತಿಲ್ಲ ಎಂದರಂತೆ. "ಬೆಲ್ಲ ಎಲ್ಲಾದ್ರೂ ನೀರಾಗ್ತದಾ ಮಗಾ?" ಎಂದು ಅಜ್ಜಿ ಜಗಳಕ್ಕೆ ನಿಂತಳು. ಅಷ್ಟರಲ್ಲಿ ಬಾಟಲಿ ಅಡ್ಡ ಬಿದ್ದು ಜೋನಿಬೆಲ್ಲ ಟ್ರೇ ತುಂಬ ಹರಿಯಿತು. "ಅಲ್ಲಿಗೆ ವಾದ ಮುಗೀತು" ಎಂದು ಅಕ್ಕ ಅದನ್ನು ಎಷ್ಟು ಜನಕ್ಕೆ ಎಷ್ಟು ಸಲ ಹೇಳಿ ನಕ್ಕಿದ್ದಾರೋ.

ಹೊರಡುವ ದಿನ ಕೊರಳಿನ ಕತ್ತರಿ ತೆಗೆದು ನನ್ನ ಕೊರಳಿಗೆ ಹಾಕುತ್ತಿದ್ದರು. "ಎರಡು ದಿನ ಅಂಗಡಿ ನಿಂದು." ತೀರ್ಥಹಳ್ಳಿಯಿಂದ ಅವರ ತಮ್ಮ ಬಂದು ಕುರ್ಚಿಯಲ್ಲಿ ಕೂರುತ್ತಿದ್ದರು. ಅವರೂ ಫಾರ್ಮಸಿ ಓದಿದವರೇ, ಆದರೆ ಯಾವ ಔಷಧಿ ಯಾವ ಡಬ್ಬಿಯಲ್ಲಿದೆ ಎಂದು ಗೊತ್ತಿದ್ದದ್ದು ನನಗೆ ಮಾತ್ರ. ಹಾಗಾಗಿ ನಾನು ಹೋಗುವ ಮಾತೇ ಏಳುತ್ತಿರಲಿಲ್ಲ. ಬಾಯಿ ಬಿಟ್ಟು ಕೇಳಲೂ ಇಲ್ಲ. ಆದರೆ ಅಕ್ಕ ವಾಪಸು ಬಂದ ದಿನ ಹೇಗಿತ್ತು ಎಂದು ನಾನು ಕೇಳುತ್ತಿರಲಿಲ್ಲ. ಡಬ್ಬಿ ಒರೆಸುತ್ತಾ ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ.

ಶಿವಮೊಗ್ಗದಲ್ಲೇ ವಿಮಾನ ನಿಲ್ದಾಣ ಆದ ಮೇಲಿನ ಒಂದು ವರ್ಷ, ಜೊತೆ ಟಿಕೆಟ್ಟಿನ ಸಂದೇಶ ಬಂದಾಗ ಅಕ್ಕ ಮೊಬೈಲನ್ನು ನನ್ನ ಕೈಗೇ ಕೊಟ್ಟರು.

"ಈ ಸಲ ನೀನು ಬಾ. ಎಲ್ಲಿಗೆ ಹೋಗ್ಬೇಕು, ಹೇಳು."

"ಅಂಗಡಿ?"

"ಎರಡು ದಿನ ಬಾಗ್ಲು ಹಾಕಣ."

ಇಷ್ಟು ವರ್ಷದಲ್ಲಿ ಆ ಅಂಗಡಿಗೆ ಬಾಗಿಲು ಹಾಕಿದ್ದನ್ನು ನಾನು ನೋಡಿರಲಿಲ್ಲ. ನನಗೆ ಊರು ನೋಡುವ ಆಸೆಯೇನೂ ಇರಲಿಲ್ಲ. ಹುಟ್ಟಿದಾಗಿನಿಂದ ಲಾಂಚಿನಲ್ಲಿ ದಾಟಿದ ಆ ಹಿನ್ನೀರು ಮೇಲಿನಿಂದ ಎಷ್ಟು ದೊಡ್ಡದಿದೆ ಎಂದು ಒಮ್ಮೆ ನೋಡಬೇಕಿತ್ತು. ಹಾಗೆಂದೆ. ಅಕ್ಕ ಗೋಡೆಯ ಕ್ಯಾಲೆಂಡರಿನ ಹಿಂದೆ ಪೆನ್ನಿನಿಂದ ಶಿವಮೊಗ್ಗ, ಸಾಗರ, ಹಿನ್ನೀರು, ಗೋವಾ ಎಂದು ಚುಕ್ಕಿ ಇಟ್ಟು ಗೆರೆ ಎಳೆದರು. "ಗೋವಾ ವಿಮಾನ ಹತ್ತಿ ಎಡಗಡೆ ಕಿಟಕೀಲಿ ಕೂತ್ರೆ ಕಾಣ್ಬೋದು."

ಸುದ್ದಿ ಮಧ್ಯಾಹ್ನದೊಳಗೆ ಪೇಟೆಗೆಲ್ಲ ಹರಡಿತು. ದೋಸೆ ಭಟ್ಟರು ಕೈ ಒರೆಸುತ್ತಾ ಬಂದರು. "ಎಂತ ಅಕ್ಕಾ, ನನ್ನನ್ನ ಮಾತ್ರ ಬೆಂಗಳೂರಿನ ಸಸ್ಯೋದ್ಯಾನ ತೋರ್ಸಿ ವಾಪಸ್ ತಂದ್ರಿ. ನೀವಿಬ್ರೂ ಗೋವಾಕ್ಕಾ?"

"ನಿಮ್ಮನ್ನ ಗೋವಾಕ್ಕೆ ಕರ್ಕಂಡು ಹೋಗಿದ್ರೆ ವಾಪಸ್ ಬರ್ತಿದ್ರಾ ಭಟ್ರೇ?"

ಟಿಕೆಟ್ ಮಾಡುವ ಕೆಲಸ ನನ್ನದು. ಅಲ್ಲಿ ನಾನೊಂದು ತಪ್ಪು ಮಾಡಿದೆ. ಹೊಸ ಆ್ಯಪು, ಒಗ್ಗುತ್ತದೋ ಇಲ್ಲವೋ ಎಂಬ ಅನುಮಾನ. ನಾಲ್ಕು ಮಾತ್ರೆ ಕೊಟ್ಟು ನೋಡುವ ಕೈ ನನ್ನದು. ಮೊದಲು ಅಕ್ಕನದೊಂದೇ ಟಿಕೆಟ್ ಮಾಡಿ, ಅದು ಸರಿಯಾಗಿ ಬಂದ ಮೇಲೆ ನನ್ನದನ್ನು ಸೇರಿಸೋಣವೆಂದುಕೊಂಡೆ. ಅಕ್ಕನ ಟಿಕೆಟ್ ಬಂತು. ನನ್ನ ಹೆಸರು ಹಾಕಲು ಎಲ್ಲಿ ಒತ್ತಿದರೂ ದಾರಿಯೇ ಇಲ್ಲ. ಸಹಾಯವಾಣಿಗೆ ಫೋನ್ ಮಾಡಿದಾಗ ಹೇಳಿದರು: ಇಬ್ಬರದ್ದೂ ಒಂದೇ ಸಲಕ್ಕೆ ಆಗಬೇಕು. ಆಮೇಲೆ ಜೊತೆ ಸೇರಿಸಲು ಬರುವುದಿಲ್ಲ.

ನನಗೆ ಅಳು ಬಂತು. "ಬಿಡಿ ಅಕ್ಕಾ. ನಂಗೆ ಹಣೇಲಿ ಬರೆದಿಲ್ಲ. ನೀವು ಬೇರೆ ಯಾರನ್ನಾದ್ರೂ ಇನ್ನೊಂದು ಸಲ ಕರ್ಕಂಡು ಹೋಗಿ."

ಅಕ್ಕ ಮೊಬೈಲ್ ನೋಡಿದರು, ನನ್ನ ಮುಖ ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ನಿನ್ನ! ಟಿಕೆಟ್ಟನ್ನೂ ಪಟ್ಟಿ ಹಂಗೆ ಕತ್ತರಿಸಿದ್ಯಲ್ಲೇ! ಕಲ್ಸಿದವಳಿಗೆ ಸರಿಯಾಗಿ ಆಯ್ತು." ಆಮೇಲೆ ಕಣ್ಣೊರೆಸಿಕೊಂಡು, "ನನ್ನದು ಕ್ಯಾನ್ಸಲ್ ಮಾಡು. ದುಡ್ಡು ಮುರ್ಕಂಡಷ್ಟು ಮುರ್ಕಳ್ಲಿ. ಇಬ್ರದ್ದೂ ಒಟ್ಟಿಗೆ ಹಾಕು. ನೀನಿಲ್ದೆ ನಾನೊಬ್ಳೇ ಹತ್ತಲ್ಲ" ಎಂದರು.

ಆ ಕೊನೆಯ ಮಾತನ್ನು ನಾನು ಪ್ರೀತಿಗೆ ಹೇಳಿದ್ದೆಂದುಕೊಂಡೆ.

ಹೊರಡುವ ಮುಂಚಿನ ವಾರವೆಲ್ಲ ಅಕ್ಕ ಬಿಪಿ, ಶುಗರ್ ಮಾತ್ರೆಯವರಿಗೆ ಒಬ್ಬೊಬ್ಬರಿಗೂ ಹೇಳಿ ಮುಂಚಿತವಾಗಿ ಕೊಟ್ಟರು. ಮರೆತವರ ಮನೆಗೆ ನನ್ನನ್ನು ಕಳಿಸಿದರು. ಕತ್ತರಿಯನ್ನು ಗಲ್ಲಾಪೆಟ್ಟಿಗೆಯಲ್ಲಿಟ್ಟು, ಶಟರ್ ಎಳೆದು, ಬೀಗವನ್ನು ಮೂರು ಸಲ ಜಗ್ಗಿ ನೋಡಿದರು. ರಿಪ್ಪನ್‌ಪೇಟೆ ದಾಟುವವರೆಗೂ ಬಾಯಿ ನಿಲ್ಲಲಿಲ್ಲ. ಆಯನೂರು ಬಂದ ಮೇಲೆ ಮಾತು ಕಡಿಮೆಯಾಯಿತು. ವಿಮಾನ ನಿಲ್ದಾಣದಲ್ಲಿ ಪೂರ್ತಿ ನಿಂತಿತು.

ಎರಡೂ ಕಡೆ ದೊಡ್ಡ ಫ್ಯಾನು ತಿರುಗುವ ಸಣ್ಣ ವಿಮಾನ. ಒಂದೊಂದು ಬದಿಗೆ ಎರಡೆರಡೇ ಸೀಟು. ನಾನು ಕಿಟಕಿಗೆ, ಅಕ್ಕ ನನ್ನ ಪಕ್ಕಕ್ಕೆ. ವಿಮಾನ ಓಡಲು ಶುರುಮಾಡಿದಾಗ ನನ್ನ ಮುಂಗೈಯನ್ನು ಯಾರೋ ಇಕ್ಕಳದಲ್ಲಿ ಹಿಡಿದ ಹಾಗಾಯಿತು. ತಿರುಗಿ ನೋಡಿದರೆ ಅಕ್ಕ. ಕಣ್ಣು ಗಟ್ಟಿಯಾಗಿ ಮುಚ್ಚಿದ್ದಾರೆ. ತುಟಿ ಬೆಳ್ಳಗಾಗಿದೆ. ಸಿಗಂದೂರು ದೇವಿಯ ಹೆಸರು ಹೇಳುತ್ತಿದ್ದಾರೆ.

"ಅಕ್ಕಾ, ಎಂತಾಯ್ತು?"

"ಎಂತ ಆಗ್ಲಿಲ್ಲ. ನಂಗೆ ಹೆದ್ರಿಕೆ. ಯಾವತ್ತಿಂದ್ಲೂ ಹೀಗೇ. ನೀನು ಹೊರಗೆ ನೋಡು."

"ಮತ್ತೆ ಪ್ರತಿ ವರ್ಷ..."

"ಪ್ರತಿ ವರ್ಷ ಕಣ್ಣು ಮುಚ್ಕಂಡೇ ಹೋಗಿದ್ದು, ಕಣ್ಣು ಮುಚ್ಕಂಡೇ ಬಂದಿದ್ದು. ಅಜ್ಜಿಗೂ ಗೊತ್ತು, ಭಟ್ರಿಗೂ ಗೊತ್ತು. ಯಾರಿಗೂ ಹೇಳ್ಬೇಡಿ ಅಂದಿದ್ದೆ. ಮೊದ್ಲ ಸಲ ಅಜ್ಜಿ ಕಿಟಕೀಲಿ ನೋಡಿ ಕೂಗಿದ ಕೂಗು ಕೇಳಿ ನಂಗೆ ಎಷ್ಟು ಖುಷಿ ಆಯ್ತು ಗೊತ್ತಾ? ಅದಕ್ಕೇ ಮತ್ತೆ ಮತ್ತೆ ಹತ್ತೋದು. ಈಗ ಹೇಳು. ಎಂತ ಕಾಣ್ತದೆ?"

ದೋಸೆ ಭಟ್ಟರಂಥ ಬಾಯಿಬಡುಕರೂ ಆ ಗುಟ್ಟನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ನಾನು ಬೆನ್ನು ತಿರುಗಿಸಿ ಡಬ್ಬಿ ಒರೆಸುತ್ತಾ ನಿಂತ ದಿನಗಳೆಲ್ಲ ನೆನಪಾದವು. ಮುಖ ಬಿಸಿಯಾಯಿತು. ಹೇಳಲು ಶುರುಮಾಡಿದೆ. ಗದ್ದೆಗಳು ಕಾಣುತ್ತವೆ, ಹೆಂಚಿನ ಮನೆಗಳು ಕೆಂಪು ಕಾಳಿನ ಹಾಗಿವೆ. ಆಮೇಲೆ ಕಾಡು, ಬರೀ ಕಾಡು. ಸ್ವಲ್ಪ ಹೊತ್ತಿನ ಮೇಲೆ ದೂರದಲ್ಲಿ, ಎಡಗಡೆ, ಅದು ಕಂಡಿತು.

"ಅಕ್ಕಾ, ಹಿನ್ನೀರು!"

"ಹೆಂಗಿದೆ?"

"ಅಡಿಗೆಮನೆ ನೆಲದ ಮೇಲೆ ಕೊಡ ಉರುಳಿ ನೀರು ಮೂಲೆ ಮೂಲೆಗೆ ಹೋಗಿರ್ತದಲ್ಲ, ಹಂಗೆ. ನಡುನಡುವೆ ಗುಡ್ಡದ ತುದಿಗಳು, ಹಸಿರು ಉಂಡೆ ಇಟ್ಟಹಂಗೆ."

"ಲಾಂಚು ಕಾಣ್ತದಾ? ನಿಮ್ಮೂರು?"

ಹೌದು ಎನ್ನಬೇಕೆಂದು ನಾಲಿಗೆ ತುದಿಗೆ ಬಂದಿತ್ತು. "ಇಲ್ಲ ಅಕ್ಕಾ. ಅಷ್ಟು ಕಾಣಲ್ಲ."

ಮುಚ್ಚಿದ ಕಣ್ಣಲ್ಲೇ ಅಕ್ಕ ನಕ್ಕರು. ಕೈಯ ಬಿಗಿ ಸ್ವಲ್ಪ ಸಡಿಲವಾಯಿತು. "ಸಾಕು. ಕಂಡಷ್ಟು ಹೇಳಿದ್ಯಲ್ಲ, ನಾನೂ ಅಷ್ಟು ನೋಡಿದಂಗಾಯ್ತು."

ಗೋವಾದಲ್ಲಿ ಮೀನೂಟ ಮಾಡಿದೆವು. ಸಮುದ್ರದಲ್ಲಿ ಮೊಣಕಾಲಿನವರೆಗೆ ನಿಂತೆವು. ಮರುದಿನ ವಾಪಸು ಬರುವಾಗ ಬಲಗಡೆಯ ಕಿಟಕಿಯಲ್ಲಿ ಕೂತು ಅದೇ ನೀರು ಹೇಗಿದೆಯೆಂದು ಮತ್ತೊಮ್ಮೆ ಹೇಳಿದೆ. ನನ್ನ ಮುಂಗೈಯಲ್ಲಿ ಅವರ ನಾಲ್ಕು ಬೆರಳಿನ ಗುರುತು ಮನೆ ಸೇರುವವರೆಗೂ ಇತ್ತು. ಅದಕ್ಕಿಂತ ಸುಖವಾದ ಎರಡು ದಿನಗಳು ನನಗೆ ನೆನಪಿಲ್ಲ.

ಆ ಮುಂದಿನ ವರ್ಷದ ಸಂದೇಶವೇ ಆ ಶನಿವಾರ ಬಂದದ್ದು. ಅಕ್ಕ ಹೋದ ಮೇಲೆ ಕಾರ್ಡು ಮುಚ್ಚಿತು, ಜೊತೆ ಟಿಕೆಟ್ಟೂ ಅದರೊಂದಿಗೆ ಹೋಯಿತು. ಈಗ ಅಂಗಡಿಯನ್ನು ಅಕ್ಕನ ತಮ್ಮ ನಡೆಸುತ್ತಾರೆ. ಒಳ್ಳೆಯವರು. ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಕತ್ತರಿಯನ್ನು ತಂದು ನನ್ನ ಕೈಗೆ ಕೊಟ್ಟರು. ಅದು ಈಗ ನನ್ನ ಕೊರಳಲ್ಲಿದೆ. ನಾಲ್ಕು ಮಾತ್ರೆ ಕತ್ತರಿಸುತ್ತೇನೆ, ಮೂಲೆ ಸವರುತ್ತೇನೆ.

ವರ್ಷ ಕಳೆದ ಮೇಲೆ ಕೂಡಿಟ್ಟ ದುಡ್ಡಿನಲ್ಲಿ ಎರಡು ಟಿಕೆಟ್ ಕೊಂಡೆ. ಒಂದೇ ಸಲಕ್ಕೆ, ಒಟ್ಟಿಗೆ. ಅಕ್ಕ ಆ ಶನಿವಾರ ಹೇಳಿದಂತೆ ಅಮ್ಮನನ್ನು ಗೋವಾ ವಿಮಾನ ಹತ್ತಿಸಿದೆ. ಎಡಗಡೆಯ ಕಿಟಕಿ ಅಮ್ಮನಿಗೆ. ಲಾಂಚಿನಲ್ಲಿ ಕಣ್ಣು ಮುಚ್ಚುತ್ತಿದ್ದ ಅಮ್ಮ ಇಲ್ಲಿ ಗಾಜಿಗೆ ಮೂಗು ಒತ್ತಿ ಕೂತುಬಿಟ್ಟಳು. ಅರ್ಧ ದಾರಿಗೆ "ಅಯ್ಯಯ್ಯೋ" ಎಂದು ಕೂಗಿದಳು.

"ಎಂತ ಕಾಣ್ತದೆ ಅಮ್ಮಾ? ಹೇಳು," ಎಂದೆ.

ಅಮ್ಮ ಕಿಟಕಿ ಬಿಟ್ಟು ತಿರುಗಲಿಲ್ಲ. "ನೀನೇ ಬಗ್ಗಿ ನೋಡೇ. ನಿಂಗೇನು ಕಣ್ಣಿಲ್ವಾ?"

ಬಗ್ಗಿ ನೋಡಿದೆ. ನೀರು ಹಾಗೆಯೇ ಇತ್ತು. ಮೂಲೆ ಮೂಲೆಗೆ ಹರಡಿಕೊಂಡು, ಗುಡ್ಡದ ತುದಿಗಳನ್ನು ನಡುವೆ ಇಟ್ಟುಕೊಂಡು. ಬಿಸಿಲು ಚೆನ್ನಾಗಿದ್ದುದರಿಂದ ಹೋದ ಸಲಕ್ಕಿಂತ ಹೆಚ್ಚು ಕಂಡಿತು. ಅಮ್ಮ ಹೇಳಿದ್ದು ಸರಿ, ನನಗೆ ಕಣ್ಣಿದೆ. ಕಂಡದ್ದನ್ನು ಹೇಳು ಎಂದು ಕೇಳುವ ಅಕ್ಕ ಇಲ್ಲ.