ಆ ಟಬ್ಬನ್ನು ತಿಕ್ಕಿದವರು ಯಾರು?

ದೆವ್ವ, ಗಾಳಿ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವಳು ನಾನು. ಕೆಲಸವಿಲ್ಲದವರ ಬಾಯಿಗೆ ಅದೊಂದು ಎಲೆಅಡಿಕೆ ಅಂದುಕೊಂಡಿದ್ದೆ. ಇವತ್ತಿಗೂ ನನ್ನ ಅಭಿಪ್ರಾಯ ಬಹಳ ಬದಲಾಗಿಲ್ಲ. ಆದರೂ ಕಣ್ಣಾರೆ ಕಂಡದ್ದನ್ನು ಕಂಡಿಲ್ಲ ಎನ್ನುವುದು ಹೇಗೆ?

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಗಿ ಒಂದೆರಡು ವರ್ಷವಾಗಿತ್ತು. ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಮಾವನವರದೊಂದು ಮನೆ. ಮೊದಲು ಅದರಲ್ಲಿ ಬಾಡಿಗೆಗಿದ್ದವರು ಜೈತುನಬಿ ಮತ್ತು ಆಕೆಯ ಗಂಡ. ಆತ ಶೋಕಿ ಮನುಷ್ಯ, ಹೈದರಾಬಾದಿನಿಂದ ಬಿಳಿ ಎನಾಮೆಲ್ಲಿನ ದೊಡ್ಡ ಟಬ್ಬು ತಂದು ಬಚ್ಚಲಲ್ಲಿ ಇಟ್ಟಿದ್ದ. ಗದ್ದಲದ ದಿನಗಳಲ್ಲಿ ಅಣ್ಣನನ್ನು ನೋಡಿಬರುತ್ತೇನೆಂದು ಹೈದರಾಬಾದಿಗೆ ಹೋದವನು ತಿರುಗಿ ಬರಲಿಲ್ಲ. ಆಮೇಲೆ ಆ ಮನೆಗೆ ನಾವು ಬಂದೆವು. ಜೈತುನಬಿ ಬಟ್ಟೆ ಹೊಲಿದುಕೊಂಡು ಬೀದಿ ಕಡೆಯ ಕೋಣೆಯಲ್ಲಿ ಉಳಿದಳು. “ಅವರು ಬಂದ್ರ ಈ ಬಾಗಿಲಿಗೇ ಬರ್ತಾರ, ಬಾಯಿ. ನಾ ಎಲ್ಲಿಗಿ ಹೋಗ್ಲಿ?” ಅನ್ನುತ್ತಿದ್ದಳು.

ಟಬ್ಬಿನ ತಳದಲ್ಲಿ ಕೆಂಪುಗಪ್ಪು ಕಲೆಗಳಿದ್ದವು. ಅದು ರಕ್ತ, ಗದ್ದಲದಲ್ಲಿ ಆತ ಯಾರನ್ನೋ ಕಡಿದು ಅಲ್ಲಿ ಕೈ ತೊಳೆದಿದ್ದಾನೆ ಎಂದು ಓಣಿಯಲ್ಲಿ ಮಾತು ಹುಟ್ಟಿತು. ನನಗೆ ಮೈ ಉರಿಯಿತು. ನನ್ನ ತವರು ಕಮಲಾಪುರ, ನಮ್ಮದು ಕೆಂಪು ಬಾಳೆಯ ತೋಟ. ಬಾಳೆ ಸೊನೆಯ ಕಲೆ ನನಗೆ ಗೊತ್ತಾಗದೆ ಇವರಿಗೆ ಗೊತ್ತಾಗುತ್ತದೆಯೇ? ನನ್ನ ಚಿಕ್ಕಂದಿನ ಲಂಗಗಳ ತುಂಬ ಅದೇ ಬಣ್ಣ. ಗದ್ದಲದಲ್ಲಿ ಪೇಟೆ ಮುಚ್ಚಿದ್ದಾಗ ತನ್ನ ಗಂಡ ಹಸಿ ಗೊನೆಗಳನ್ನು ಕಡಿಸಿ ತಂದು ಟಬ್ಬಿನಲ್ಲಿ ತುಂಬಿಟ್ಟಿದ್ದ ಎಂದು ಜೈತುನಬಿಯೂ ಹೇಳಿದಳು. ಕೇಳುವವರು ಯಾರು?

ಮಾವನವರು ದೆವ್ವಕ್ಕಿಂತ ಓಣಿಯವರಿಗೆ ಹೆದರುವವರು. “ಶ್ರಾವಣ ಹುಟ್ಟೋದ್ರಾಗ ಆ ಕಲಿ ಹೋಗಬೇಕು, ಇಲ್ಲಾಂದ್ರ ಆಕಿ ಹೋಗಬೇಕು” ಅಂದುಬಿಟ್ಟರು.

ಸೆರಗು ಕಟ್ಟಿ ನಿಂತೆ. ಹುಣಸೆಹಣ್ಣು, ಉಪ್ಪು, ಲಿಂಬಿಹಣ್ಣು, ಸೋಡಾ, ಚಿಮಣಿ ಎಣ್ಣೆ, ಕಡೆಗೆ ಇಟ್ಟಂಗಿ ಪುಡಿ. ನನ್ನ ಉಗುರು ಸವೆದವೇ ಹೊರತು ಕಲೆ ಜಗ್ಗಲಿಲ್ಲ. ಉಳಿದದ್ದು ಒಂದೇ ಉಪಾಯ. ಬಾಳೆಯ ಒಣಪಟ್ಟೆ ಸುಟ್ಟ ಬೂದಿಯಿಂದ ಅವ್ವ ಎಂಥ ಕಲೆಯನ್ನೂ ಬಿಡಿಸುತ್ತಿದ್ದಳು. ಅದನ್ನು ತರಲು ಕಮಲಾಪುರಕ್ಕೆ ಹೊರಟೆ. ಬಿಟ್ಟುಹೋದರೆ ಮಾವನವರು ಹೊರಹಾಕಿಯಾರೆಂದು ಜೈತುನಬಿಯನ್ನೂ ಒತ್ತಾಯ ಮಾಡಿ ಕರೆದುಕೊಂಡೆ. ಟಬ್ಬನ್ನು ಒಡೆಸಿಯಾರೆಂದು ಬಚ್ಚಲಿಗೆ ನನ್ನದೇ ಬೀಗ ಜಡಿದು, ಇದ್ದೊಂದು ಕೀಲಿಯನ್ನು ಸೊಂಟಕ್ಕೆ ಸಿಗಿಸಿಕೊಂಡೆ. ಮನೆಯವರೆಲ್ಲ ಹಿತ್ತಲಲ್ಲಿ ಸ್ನಾನ ಮಾಡಿಕೊಳ್ಳಲಿ, ನನಗೇನು!

ಮರುದಿನ ಮಧ್ಯಾಹ್ನ ಬೂದಿಯ ಗಂಟು ಹೊತ್ತು ಮರಳಿದೆವು. ಬೀಗ ಹಾಕಿದಂತೆಯೇ ಇತ್ತು. ತೆಗೆದೆ. ಟಬ್ಬು ಹಾಲಿನಷ್ಟು ಬೆಳ್ಳಗಿತ್ತು. ಒಂದು ಕಲೆಯೂ ಇಲ್ಲ. ಅದರ ಮೈಯೆಲ್ಲ ಒದ್ದೆ, ಆಗತಾನೇ ಯಾರೋ ತೊಳೆದಂತೆ. ಗೋಡೆಯಲ್ಲಿ ಹೊಗೆ ಹೋಗುವ ಕಿಂಡಿ ಬಿಟ್ಟರೆ ಬೇರೆ ದಾರಿಯಿಲ್ಲ, ಅದರಲ್ಲಿ ಬೆಕ್ಕೂ ತೂರುವುದಿಲ್ಲ. ನಮ್ಮ ಮನೆಯ ಗಂಡಸರೋ, ಉಂಡ ತಾಟನ್ನೂ ಎತ್ತಿಟ್ಟವರಲ್ಲ.

ಜೈತುನಬಿ ಟಬ್ಬಿನ ಅಂಚು ಹಿಡಿದು ಕುಸಿದಳು. “ಅವರು ಬಂದಾರ, ಬಾಯಿ. ನಾ ಇಲ್ದಾಗ ಬಂದು ಹೋಗ್ಯಾರ!” ಎದ್ದವಳೇ ಓಣಿಯ ಮನೆಮನೆಗೂ ಓಡಿ ಕೇಳಿದಳು. ಯಾರೂ ಯಾರನ್ನೂ ಕಂಡಿರಲಿಲ್ಲ. ಆಕೆಯನ್ನು ಎಳೆದುಕೊಂಡು ಹೋದವಳು ನಾನೇ.

ಮಾವನವರು ಬಚ್ಚಲ ಬಾಗಿಲಲ್ಲೇ ನಿಂತು, “ಇದು ದೆವ್ವದ ಕೆಲಸ” ಅಂದರು.

“ಯಾರದರೆ ಇರಲಿ ಮಾವನವ್ರೆ, ಕಲಿ ಹೋಗ್ಯದ. ಆಕಿ ಇಲ್ಲೇ ಇರ್ತಾಳ” ಅಂದೆ. ಸೊಸೆ ಎದುರು ಮಾತಾಡಿದಳೆಂದು ಮನೆಯವರೆಲ್ಲ ಎಷ್ಟೋ ದಿನ ಮುಖ ಬಿಗಿದುಕೊಂಡಿದ್ದರು. ಜೈತುನಬಿ ಮಾತ್ರ ಅಲ್ಲೇ ಉಳಿದಳು. ಆಮೇಲೆ ಯಾವ ಮದುವೆ ಮುಂಜಿಗೂ ಆ ಬಾಗಿಲು ಬಿಟ್ಟು ಹೋಗಲಿಲ್ಲ.

ಅದು ಹೇಗಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಆಕೆಯ ಮುಂದೆ ದೆವ್ವದ ಮಾತೆತ್ತಿದ ಒಬ್ಬರನ್ನೂ ನಾನು ಸುಮ್ಮನೆ ಬಿಟ್ಟಿಲ್ಲ. ದೆವ್ವ ಅಂದರೆ ಆಕೆಯ ಗಂಡ ಸತ್ತಿದ್ದಾನೆ ಅಂದಂತೆ. ಆ ಮಾತನ್ನು ನನ್ನ ಮನೆಯಲ್ಲಿ ನಿಂತು ಯಾರೂ ಆಡಕೂಡದು.